ಅಳಿಸಿಹೋದ ಕಮಾಂಡ್ ಫೈಲು

"ಆನ್ ಆಗು, ಪ್ಲೀಸ್, ಆನ್ ಆಗು!"

ಟಿಲ್ಡಾ ಮೂರನೇ ಸಲ ಸ್ವಿಚ್ ಒತ್ತಿದಳು. ಕಂಪ್ಯೂಟರ್ ಗುರ್ರೆಂದಿತು. ಕಪ್ಪು ಪರದೆಯ ಮೇಲೆ ಮತ್ತದೇ ಬಿಳಿ ಸಾಲು: ಕಮಾಂಡ್ ಫೈಲು ಸಿಗುತ್ತಿಲ್ಲ.

ಸಿಗುವುದಾದರೂ ಹೇಗೆ? ಅದನ್ನು ಅಳಿಸಿದವಳೇ ಅವಳು.

ಕಂಪ್ಯೂಟರು ಅಜ್ಜನದು. ಶಾಲೆ ಬಿಟ್ಟ ಮೇಲೆ ಅಮ್ಮ ಬರುವವರೆಗೂ ಟಿಲ್ಡಾ ಇರುವುದು ಅಜ್ಜನ ಮನೆಯಲ್ಲೇ. ಡುಲೂತ್ ಊರಿನ ಕಂಪ್ಯೂಟರ್ ಕ್ಲಬ್ಬಿನ ಪತ್ರಿಕೆಗೆ ಅಜ್ಜ ಆರಿನ್ ಪ್ರತಿ ತಿಂಗಳೂ 'ಟಿಪ್ಸ್' ಬರೆಯುತ್ತಿದ್ದರು. 'ಡಿಸ್ಕಿನಲ್ಲಿ ಜಾಗವಿಲ್ಲವೇ? ಬೇಡದ ಫೈಲುಗಳನ್ನು ಮುಲಾಜಿಲ್ಲದೆ ಅಳಿಸಿ!' ಇದು ೧೯೯೩ರ ಜನವರಿಯ ಟಿಪ್.

ಟಿಲ್ಡಾಳಿಗೆ ಹೊಸ ಗೇಮ್ ಹಾಕಲು ಜಾಗ ಬೇಕಿತ್ತು. ಪಟ್ಟಿಯಲ್ಲಿ 'ಕಮಾಂಡ್' ಎಂಬ ಹೆಸರು ಕಂಡಿತು. ಹುಕುಂ ಹೊರಡಿಸೋಕೆ ಈ ಮನೆಗೆ ಅಜ್ಜ ಒಬ್ಬರೇ ಸಾಲದೇ ಎಂದುಕೊಂಡು ಅಳಿಸಿಯೇಬಿಟ್ಟಳು.

ಫೆಬ್ರವರಿಯ ಪತ್ರಿಕೆ ಪೂರ್ತಿ ಆ ಕಂಪ್ಯೂಟರಿನೊಳಗೇ ಇತ್ತು. ನಾಳೆ ಸಂಜೆ ಕ್ಲಬ್ಬಿನ ಸಭೆ. ಅಜ್ಜ ಪ್ರಿಂಟರಿಗೆ ಪೇಪರ್ ತರಲು ಹೋಗಿದ್ದರು.

ಕಂಪ್ಯೂಟರ್ ಗೊತ್ತಿದ್ದವರು ಆ ಬೀದಿಯಲ್ಲಿ ಇನ್ನೊಬ್ಬರೇ: ಎದುರುಮನೆಯ ಮಿಸೆಸ್ ನೈಬರ್ಗ್. ಆದರೆ ಅವರಿಗೂ ಅಜ್ಜನಿಗೂ ಎಣ್ಣೆ ಸೀಗೆಕಾಯಿ. ಮೌಸ್ ಇಲ್ಲದ ಕಂಪ್ಯೂಟರ್ ಕಂಪ್ಯೂಟರೇ ಅಲ್ಲ ಎನ್ನುವವರು ಅವರು. ಮೌಸ್ ಇರುವುದೇ ಸೋಮಾರಿಗಳಿಗೆ ಎನ್ನುವವರು ಅಜ್ಜ. ಕ್ಲಬ್ಬಿನಲ್ಲಿ ಈ ಜಗಳ ಎರಡು ವರ್ಷದಿಂದ ನಡೆದಿತ್ತು.

ಟಿಲ್ಡಾ ಹಿಮ ತುಳಿಯುತ್ತ ಓಡಿದಳು.

ಸಂಗತಿ ಕೇಳಿದ್ದೇ ತಡ, ಮಿಸೆಸ್ ನೈಬರ್ಗ್ ಹೊಟ್ಟೆ ಹಿಡಿದುಕೊಂಡು ನಕ್ಕರು. "ಅಯ್ಯೋ ಹುಡುಗೀ, ಇಡೀ ಬಸ್ಸಲ್ಲಿ ಡ್ರೈವರನ್ನೇ ಕೆಳಗಿಳಿಸಿದೀಯಲ್ಲೇ!"

"ಪತ್ರಿಕೆ ಹೋಯ್ತಾ?" ಟಿಲ್ಡಾ ಅವರ ತೋಳು ಹಿಡಿದು ಕೇಳಿದಳು.

"ಪ್ಯಾಸೆಂಜರು ಕೂತಲ್ಲೇ ಕೂತಿರ್ತಾರೆ. ನಡಿ ನಡಿ."

ಅವರು ತಂದ ಫ್ಲಾಪಿಯಿಂದ ಕಂಪ್ಯೂಟರ್ ಶುರುವಾಯಿತು. ಅಭ್ಯಾಸಬಲದಿಂದ ಅವರ ಬಲಗೈ ಮೇಜಿನ ಮೇಲೆ ತಡಕಾಡಿತು. "ಥೂ, ಈ ಮನೇಲಿ ಒಂದು ಇಲೀನೂ ಸಾಕಿಲ್ಲ!" ಎಂದು ಗೊಣಗಿ, ಪಟಪಟ ಕೀಲಿ ಒತ್ತಿ, ಕಾಣೆಯಾದ ಫೈಲನ್ನು ಫ್ಲಾಪಿಯಿಂದ ಕಾಪಿ ಮಾಡಿದರು. ಪತ್ರಿಕೆ ಇದ್ದ ಹಾಗೇ ಇತ್ತು.

"ಅಜ್ಜನಿಗೆ ಹೇಳ್ತೀರಾ?"

"ನಾನ್ಯಾಕೆ ಹೇಳ್ಲಿ? ಅಳಿಸಿದ್ದು ನಾನಲ್ವಲ್ಲ." ಅವರು ಕೋಟು ಹಾಕಿಕೊಂಡು ಹೊರಟೇಬಿಟ್ಟರು.

ಅಜ್ಜ ಬಂದರು, ಇಬ್ಬರಿಗೂ ಬಿಸಿ ಕೋಕೋ ಮಾಡಿದರು. ಸುಮ್ಮನಿದ್ದರೆ ಅವರಿಗೆ ಏನೂ ಗೊತ್ತಾಗುತ್ತಿರಲಿಲ್ಲ. ಆದರೆ ಟಿಲ್ಡಾಳಿಗೆ ಕೋಕೋ ಇಳಿಯಲೇ ಇಲ್ಲ. ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿ ಮುಗಿಸಿದಳು.

ಅಜ್ಜ ಲೋಟ ಕೆಳಗಿಟ್ಟು ಕೇಳಿದರು, "ಆಕೆ ಮೌಸ್ ಇಲ್ದೇನೇ ಮಾಡಿದ್ಲಾ?"

"ಹೂಂ. ನಿನಗಿಂತ ಫಾಸ್ಟು."

"ಅದನ್ನ ಕೇಳ್ಲಿಲ್ಲ ನಾನು!" ಎಂದರು ಅಜ್ಜ. "ತಪ್ಪು ಅರ್ಧ ನಿಂದು, ಅರ್ಧ ನನ್ ಟಿಪ್‌ದು. ನಿಂಗೆ ಒಂದು ವಾರ ಗೇಮ್ ಇಲ್ಲ." ತಮ್ಮ ಪಾಲಿನ ಶಿಕ್ಷೆಯೆಂದು ಅವರು ಕೂತು ಹೊಸ ಟಿಪ್ ಟೈಪ್ ಮಾಡಿದರು: 'ಅಳಿಸುವ ಮುನ್ನ ಗೊತ್ತಿದ್ದವರನ್ನು ಕೇಳಿ.'

ಮರುದಿನ ಸಂಜೆ ಲೈಬ್ರರಿಯಲ್ಲಿ ಸಭೆ ತುಂಬಿತ್ತು. ಅಜ್ಜನ ಪಕ್ಕದ ಕುರ್ಚಿಯ ಮೇಲೆ ಅವರ ಕೋಟು ಕೂತಿತ್ತು. ಮೂವರು ಬಂದು ಕೇಳಿದರು. ಮೂವರಿಗೂ ಅಜ್ಜ, "ಇಲ್ಲಿ ಜನ ಇದ್ದಾರೆ" ಎಂದರು.

ಯಾರಪ್ಪಾ ಎಂದು ಹಿಂದಿನ ಸಾಲಿನಲ್ಲಿ ಕೂತ ಟಿಲ್ಡಾ ಯೋಚಿಸುತ್ತಿರುವಾಗ ಬಾಗಿಲು ತೆರೆಯಿತು. ಮಿಸೆಸ್ ನೈಬರ್ಗ್ ಬೂಟಿನ ಹಿಮ ಕೊಡವುತ್ತ ಒಳಗೆ ಬಂದರು. ಅಜ್ಜ ತಿರುಗಿಯೂ ನೋಡದೆ ಕೋಟನ್ನೆತ್ತಿ ತೊಡೆಯ ಮೇಲಿಟ್ಟುಕೊಂಡರು. ಆಕೆಯೂ ಏನೂ ಕೇಳದೆ ಬಂದು ಅಲ್ಲೇ ಕೂತರು, ಪತ್ರಿಕೆ ಬಿಡಿಸಿದರು.

"ಗೊತ್ತಿದ್ದವರನ್ನು ಅಂದ್ರೆ ಯಾರನ್ನ, ಆರಿನ್? ಹೆಸರು ಹಾಕೋಷ್ಟು ಇಂಕ್ ಇರ್ಲಿಲ್ವಾ?"

"ಹೆಸರು ಹಾಕಿದ್ರೆ ನಿಮ್ಮನೆ ಮುಂದೆ ಕ್ಯೂ ನಿಂತ್ಬಿಡುತ್ತೆ. ಆ ಗಲಾಟೇಲಿ ನನಗೆ ನಿದ್ದೆ ಬರಲ್ಲ!"

"ನಿದ್ದೆ ಬರ್ದಿದ್ರೆ ಎದ್ದು ಮೌಸ್ ಹಿಡಿಯೋದು ಕಲೀರಿ!"

ಶುರುವಾಯಿತು ಜಗಳ. ಟಿಲ್ಡಾ ಬೂಟು ಕಳಚಿ, ಕಾಲೆರಡನ್ನೂ ಕುರ್ಚಿಯ ಮೇಲೆಳೆದುಕೊಂಡಳು. ಇದು ಬೇಗ ಮುಗಿಯದಿದ್ದರೆ ಸಾಕು ಎಂದುಕೊಳ್ಳುತ್ತ ಕಿವಿಗೊಟ್ಟು ಕೂತಳು.