ಜುಮ್ಮಾದ ದಿನ ಹೋದ ಯೆಜ್ಡಿ

ಶುಕ್ರವಾರದ ನಮಾಜು ಮುಗಿಸಿ ಬಂದ ಮೆಕ್ಯಾನಿಕ್ ಸಮೀವುಲ್ಲಾ ಶಟರ್ ಮೇಲೆತ್ತಿದ. ಯೆಜ್ಡಿ ಇರಲಿಲ್ಲ.

ನಲವತ್ತು ವರ್ಷದ ಹಳೇ ಬೈಕು. ಎಂಟು ತಿಂಗಳು ಕೆಲಸ ಹಿಡಿದಿತ್ತು. ನಿಂತಿದ್ದ ಜಾಗದಲ್ಲಿ ನಾಲ್ಕು ಹನಿ ಎಣ್ಣೆ ಮಾತ್ರ ಉಳಿದಿತ್ತು. ಅವನು ಬೈಕಿನ ಒಡತಿ ಸಂಘಮಿತ್ರಾಗೆ ಫೋನ್ ಮಾಡಿದ. ಆಕೆ ಸೀದಾ ಪೊಲೀಸ್ ಠಾಣೆಗೆ ಹೋಗಿ ಕಳ್ಳನೆಂದು ಅವನ ಹೆಸರನ್ನೇ ಬರೆಸಿದಳು.

ಜಗತ್ ಸರ್ಕಲ್ ಹಿಂದಿನ ಆ ಗಲ್ಲಿಗೆ ಎಎಸ್‌ಐ ಅಣವೀರಪ್ಪ ಬಂದಾಗ ಮೂರು ಗಂಟೆ. ನಿವೃತ್ತಿಗೆ ಏಳು ತಿಂಗಳಿದ್ದ ಅವರು ಓಡುವುದನ್ನು ಎಂದೋ ಬಿಟ್ಟಿದ್ದರು. ಕೇಳುವುದನ್ನು ಬಿಟ್ಟಿರಲಿಲ್ಲ.

"ಶಟರ್‌ಗೆ ಕೀಲಿ?"

"ನಮಾಜಿಗೆ ಹೋಗುವಾಗ ಹಾಕಂಗಿಲ್ರಿ ಸಾಹೇಬ್ರ. ಇಪ್ಪತ್ತು ವರ್ಷ ಆಯ್ತು, ನಟ್ಟು ಬಿಚ್ಚೋ ಒಂದು ಪಾನಾ ಸುದ್ದಾ ಹೋಗಿಲ್ಲ."

"ಗಾಡಿ ಕೀಲಿ?"

"ಮೊಳಿಗೆ ತೂಗಹಾಕಿದ್ದೆ."

ಎದುರಿನ ಚಹಾದಂಗಡಿಯ ರಾಮಣ್ಣ ನೋಡಿದ್ದ. ಆದರೆ ನೋಡಿದ್ದು ಕಳ್ಳತನ ಎಂದುಕೊಂಡಿರಲಿಲ್ಲ. "ಯಾರೋ ಗಾಡಿ ಮ್ಯಾಲೆ ಕುಂತು ಹೋದ್ರು ಸಾಹೇಬ್ರ. ಹೆಲ್ಮೆಟ್ ಇತ್ತು. ಸಮೀವುಲ್ಲಾ ಚಾಚಾನ ಗಿರಾಕಿ ಅಂದಕೊಂಡೆ." ಗ್ಯಾರೇಜುಗಳ ಗಲ್ಲಿಯಲ್ಲಿ ಎಂಜಿನ್ ಸದ್ದಿಗೆ ಯಾರು ಕತ್ತೆತ್ತಿ ನೋಡುತ್ತಾರೆ?

\* \* \*

ಸಂಘಮಿತ್ರಾ ಶಾಲಾ ಶಿಕ್ಷಕಿ. ಅಂದು ರಾತ್ರಿ ಮನೆಗೆ ಬಂದ ಅಣವೀರಪ್ಪನವರಿಗೆ ಮೊಬೈಲಿನಲ್ಲಿ ಗುರುವಾರ ತೆಗೆದ ಫೋಟೊಗಳನ್ನು ಒಂದೊಂದಾಗಿ ತೋರಿಸಿದಳು.

"ಅಪ್ಪನ ಗಾಡಿರಿ. ತಮ್ಮಗಂತ ಮಾಡಸಾಕತ್ತಿದ್ದೆ. ಐತವಾರ ಕೊಡೋದಿತ್ತು."

ತಮ್ಮ ಸಾಯಿಕುಮಾರ ಗೋಡೆಗೆ ಒರಗಿ ಕೂತಿದ್ದ. ಫ್ಯಾನಿನ ಕಡೆ ನೋಡುತ್ತಿದ್ದ. ಫ್ಯಾನು ತಿರುಗುತ್ತಿರಲಿಲ್ಲ. ಎರಡು ವರ್ಷದ ಹಿಂದೆ ಅವನು ಓಡಿಸುತ್ತಿದ್ದ ಬೈಕಿಗೆ ಲಾರಿ ಗುದ್ದಿತ್ತು. ಹಿಂದೆ ಕೂತಿದ್ದ ಹೆಂಡತಿ ಪಂಚಶೀಲಾ ಅಲ್ಲೇ ಹೋದಳು. ಅವನಿಗೆ ಬಲಗಾಲು ಮೊಣಕಾಲ ಕೆಳಗೆ ಹೋಯಿತು; ಈಗ ಇರುವುದು ಕೃತಕ ಜೈಪುರ ಕಾಲು. ಅಂದಿನಿಂದ ಉಣ್ಣು ಅಂದರೆ ಉಂಡ, ಮಲಗು ಅಂದರೆ ಮಲಗಿದ. ಗಾಡಿ ಹತ್ತಿದರೆ ಮನುಷ್ಯ ಮತ್ತೆ ಮನುಷ್ಯನಾದಾನು ಎಂಬುದು ಅಕ್ಕನ ಹಟ.

ಯೆಜ್ಡಿಗೆ ಕಿಕ್ಕೂ ಗೇರೂ ಎಡಗಡೆ. ಬಲಗಾಲಿಗೆ ಉಳಿದದ್ದು ಹಿಂದಿನ ಬ್ರೇಕು ಒಂದೇ. ಆ ಪೆಡಲ್ಲನ್ನು ಸಮೀವುಲ್ಲಾ ಕಿತ್ತುಹಾಕಿ, ಕ್ಲಚ್ಚಿನ ಪಕ್ಕದಲ್ಲಿ ಮೊಪೆಡ್‌ನ ಹಿಡಿಕೆಯೊಂದನ್ನು ಕೂಡಿಸಿ ಬ್ರೇಕನ್ನು ಕೈಗೆ ತಂದಿದ್ದ. ಉಳಿದದ್ದೆಲ್ಲ ಕೈಗೆ ಎಟುಕಿದ ಸಾಮಾನು. ಸೈಲೆನ್ಸರ್ ಗುಜರಿಯದ್ದು, ಹೆಡ್‌ಲೈಟಿನ ಗಾಜು ಬೇರೆ ಗಾಡಿಯದ್ದು, ಸೀಟು ಆಟೋ ಸೀಟು ಹೊಲಿಯುವವನದ್ದು.

"ಚಾಚಾನ ಮ್ಯಾಲೆ ಯಾಕ ಸಂಶಯ ಬಂತಮ್ಮ?"

"ಹೈದರಾಬಾದಿನಿಂದ ಇಂಥ ಹಳೇ ಗಾಡಿ ಕೊಳ್ಳಾಕ ಹುಡುಕ್ಕೊಂಡು ಬರ್ತಾರಂತ್ರಿ. ಕೀಲಿ ಎಲ್ಲಿರ್ತದ ಅಂತ ಮತ್ಯಾರಿಗೆ ಗೊತ್ತು?"

"ನೀವು ಮಧ್ಯಾಹ್ನ ಎಲ್ಲಿದ್ರಿ?"

"ಸಾಲ್ಯಾಗ. ತಮ್ಮ ಮನ್ಯಾಗ ಒಬ್ಬನೇ ಇದ್ದ."

ಅಣವೀರಪ್ಪ ಸಾಯಿಕುಮಾರನತ್ತ ತಿರುಗಿದರು. "ನಿನಗೇನ ಅನಸ್ತದಪ?"

"ಏನಿಲ್ರಿ," ಅಂದ ಅವನು.

\* \* \*

ಯಾರಿಗೋ ಬೈಕು ಒಯ್ಯಲು ತಾನೇ ಬಿಟ್ಟಿರಬಹುದೆಂಬ ಸಂಶಯಕ್ಕೆ ಶನಿವಾರ ಸಮೀವುಲ್ಲಾ ಠಾಣೆಯ ಬೆಂಚಿನ ಮೇಲೆ ಕೂತ. ಅವನನ್ನು ಯಾರೂ ಹೊಡೆಯಲಿಲ್ಲ. ಆದರೆ ಅಷ್ಟರಲ್ಲಿ ನಾಲ್ವರು ಗಿರಾಕಿಗಳು ಬಂದು ತಮ್ಮ ಸ್ಕೂಟರುಗಳನ್ನು ತಳ್ಳಿಕೊಂಡು ಹೋಗಿದ್ದರು. ಮೆಕ್ಯಾನಿಕ್ಕನಿಗೆ ಹೆಸರೇ ಹೊಟ್ಟೆಪಾಡು. ಅದು ಹೋದರೆ ಪಾನಾ ಹಿಡಿದು ಏನು ಮಾಡುವುದು?

ಸೈಲೆನ್ಸರ್ ಮಾರಿದ್ದ ಗುಜರಿಯ ಮಂಜೂರ್‌ನನ್ನೂ ಅಣವೀರಪ್ಪ ಜಾಲಾಡಿದರು. ಈ ಬೈಕನ್ನು ಕೊಡುತ್ತೀಯಾ ಎಂದು ಅವನು ಸಮೀವುಲ್ಲಾನನ್ನು ಹಿಂದೆ ಎರಡು ಸಲ ಕೇಳಿದ್ದ. ಆದರೆ ಶುಕ್ರವಾರ ಅವನು ಸಮೀವುಲ್ಲಾನ ಪಕ್ಕದಲ್ಲೇ ನಮಾಜಿಗೆ ನಿಂತಿದ್ದ. ಹತ್ತು ಜನ ಸಾಕ್ಷಿ ಹೇಳಿದರು.

ತಮ್ಮನಿಗೆ ಗಾಡಿ ಕೊಡಬೇಕಿದ್ದ ಭಾನುವಾರ ಮುಂಜಾನೆ ಕಮಲಾಪುರ ಠಾಣೆಯಿಂದ ಫೋನ್ ಬಂತು. ಬಸ್‌ಸ್ಟ್ಯಾಂಡಿನಲ್ಲಿ ಕೆಂಪು ಬಾಳೆಹಣ್ಣು ಮಾರುವ ಶೇವಂತಾ ಎಂಬ ಹೆಂಗಸಿನ ಹಿತ್ತಲಲ್ಲಿ, ಒಣ ಬಾಳೆಲೆಯ ಕೆಳಗೆ, ಒಂದು ಹಳೇ ಬೈಕು.

ಅಣವೀರಪ್ಪ ಒಬ್ಬರೇ ಹೋಗಿ ನೋಡಿದರು. ಶೇವಂತಾ ಯಾರೆಂದು ಕೇಳಿದರು. ಆಮೇಲೆ ಜೀಪು ಕಳಿಸಿ ಸಾಯಿಕುಮಾರನನ್ನು ಕರೆಸಿದರು. ಶೇವಂತಾ ಅವನ ಸತ್ತ ಹೆಂಡತಿ ಪಂಚಶೀಲಾಳ ತಾಯಿ.

\* \* \*

"ಕೂಡು," ಎಂದರು ಅಣವೀರಪ್ಪ. ಸಾಯಿಕುಮಾರ ಹಿತ್ತಲ ಕಲ್ಲಿನ ಮೇಲೆ ಕೂತ.

"ಈ ಗಾಡಿಗೆ ಕಾಲಿನ ಬ್ರೇಕ್ ಇಲ್ಲ. ಗೊತ್ತಿಲ್ಲದವ ಒಯ್ದಿದ್ರ ಜಗತ್ ಸರ್ಕಲ್ ದಾಟತಿದ್ದಿಲ್ಲ, ಯಾವುದರೆ ಆಟೋಕ್ಕ ಗುದ್ದತಿದ್ದ. ಅಂದ್ರ ಬ್ರೇಕ್ ಕೈಯಾಗದ ಅಂತ ಗೊತ್ತಿದ್ದವರ ಕೆಲಸ. ಹೌದಲ್ಲ?"

ಅವನು ಕೆಳಗೆ ಬಿದ್ದಿದ್ದ ಬಾಳೆಲೆಯೊಂದನ್ನು ಸೀಳತೊಡಗಿದ.

"ಗೊತ್ತಿದ್ದವರು ಮೂರು ಮಂದಿ. ಚಾಚಾ ಮಸೀದ್ಯಾಗಿದ್ದ. ನಿಮ್ಮಕ್ಕ ಸಾಲ್ಯಾಗಿದ್ದಳು. ಉಳಿದವ ನೀನು." ಅಣವೀರಪ್ಪ ಬಾಗಿ ಬಲಗಡೆಯ ಫುಟ್‌ರೆಸ್ಟ್ ತೋರಿಸಿದರು. ಅದಕ್ಕೆ ಸೈಕಲ್ ಟ್ಯೂಬಿನ ತುಂಡೊಂದನ್ನು ಕುಣಿಕೆಯಂತೆ ಕಟ್ಟಿತ್ತು. "ಗುರುವಾರದ ಫೋಟೊದಾಗ ಇದಿಲ್ಲ. ಖರೇ ಕಾಲಿದ್ದವ ಕಾಲು ಕಟ್ಟಿಕೊಂಡು ಗಾಡಿ ಹೊಡಿಯಂಗಿಲ್ಲಪ. ಜೈಪುರ ಕಾಲು ಜಾರ್ತದ."

ಗೋಡೆಯಾಚೆ ಶೇವಂತಾ ಹಣ್ಣಿನ ಗೊನೆ ಕತ್ತರಿಸುತ್ತಿದ್ದಳು.

"ಐತವಾರ ಗಾಡಿ ಕೊಡೋದು ನೋಡಾಕ ಮಂದಿ ಎಲ್ಲಾರೂ ಬರೋರಿದ್ರು ಸರ್," ಎಂದ ಸಾಯಿಕುಮಾರ. "ಅವರ ಮುಂದ ನಾ ಹತ್ತಬೇಕಿತ್ತು. ನಗಬೇಕಿತ್ತು. ಬ್ಯಾಡ ಅಂದ್ರ ಅಕ್ಕ ಅಳ್ತಾಳ. ಕೀಲಿ ಮೊಳಿಗೆ ಇರ್ತದಂತ ನನಗೂ ಗೊತ್ತಿತ್ತು, ಎಲ್ಲರೆ ಬಿಟ್ಟು ಬರೋಣಂತ ಒಯ್ದೆ. ಇಲ್ಲಿ ಬಂದು ನಿಂತೆ. ಅತ್ತಿ ಮನ್ಯಾಗಿದ್ದಿಲ್ಲ. ಬಾಳೆಲಿ ಮುಚ್ಚಿಟ್ಟು ಬಸ್ ಹತ್ತಿ ಹೋದೆ."

"ಚಾಚಾನ ಠಾಣ್ಯಾಗ ಕೂಡಿಸ್ಯಾರ ಅಂತ ಗೊತ್ತಿತ್ತಿಲ್ಲೊ?"

"ಗೊತ್ತಿತ್ರಿ."

"ಮತ್ತ?"

"ಏನೂ ಅನಸಲಿಲ್ರಿ. ಅನಸಬೇಕು ಅಂತ ಗೊತ್ತಿತ್ತು. ಅನಸಲಿಲ್ಲ."

ಮೂವತ್ತೈದು ವರ್ಷದ ನೌಕರಿಯಲ್ಲಿ ಅಣವೀರಪ್ಪ ಅಳುವ ಕಳ್ಳರನ್ನು ಕಂಡಿದ್ದರು, ಬೈಯುವ ಕಳ್ಳರನ್ನು ಕಂಡಿದ್ದರು. ಇಂಥವನನ್ನು ಕಂಡಿರಲಿಲ್ಲ. ಅವರಿಗೆ ಸಿಟ್ಟೂ ಬಂತು, ಪಾಪ ಅಂತಲೂ ಅನಿಸಿತು. ಸಿಟ್ಟು ತುಸು ಹೆಚ್ಚೇ ಇತ್ತು.

"ಏಳು. ಗಾಡಿ ತಗೊ."

"ಟೆಂಪೋದಾಗ ಹಾಕ್ರಿ ಸರ್. ನನಗ ಆಗಂಗಿಲ್ಲ."

"ಟೆಂಪೋದಾಗ ಹೋದ್ರ ಆ ಗಲ್ಲಿ ಮಂದಿ ಏನಂತಾರ? ಪೊಲೀಸರು ಸಮೀವುಲ್ಲಾ ಕದ್ದ ಮಾಲು ಹಿಡದು ತಂದ್ರು ಅಂತಾರ. ಯಾರು ಒಯ್ದಿದ್ರು ಅಂತ ಅವರು ಕಣ್ಣಿಲೆ ನೋಡಬೇಕು. ಜೀಪು ಹಿಂದ ಬರ್ತದ, ನಡಿ."

\* \* \*

ಮಧ್ಯಾಹ್ನ ಹನ್ನೆರಡಕ್ಕೆ ಯೆಜ್ಡಿ ಹೊಗೆ ಬಿಡುತ್ತ ಗಲ್ಲಿಯೊಳಗೆ ಬಂತು. ಅಣವೀರಪ್ಪನವರ ಫೋನಿನಿಂದ ವಿಷಯ ತಿಳಿದಿದ್ದ ಸಂಘಮಿತ್ರಾ, ಠಾಣೆಯಿಂದ ಸಮೀವುಲ್ಲಾನನ್ನು ಬಿಡಿಸಿ ಕರೆತಂದು ನಿಂತಿದ್ದಳು. ದಾರಿಯುದ್ದಕ್ಕೂ ಅವಳು ಕ್ಷಮೆ ಕೇಳಿದ್ದಳು. ಅವನು ತಿರುಗಿ ನೋಡದೆ ಮುಂದೆ ನಡೆದಿದ್ದ.

ಅಂಗಡಿಗಳಿಂದ ಮಂದಿ ಹೊರಗೆ ಬಂದರು. ಸ್ಕೂಟರ್ ಒಯ್ದವರಲ್ಲಿ ಇಬ್ಬರು ರಾಮಣ್ಣನಲ್ಲಿ ಚಹಾ ಕುಡಿಯುತ್ತಿದ್ದರು. ಸಾಯಿಕುಮಾರ ಗ್ಯಾರೇಜಿನ ಮುಂದೆ ನಿಲ್ಲಿಸಿದ. ಹೆಲ್ಮೆಟ್ ತೆಗೆದ. ತುಟಿ ಅಲುಗಿಸಿ ಏನೋ ಅಂದ. ಎಂಜಿನ್ ಸದ್ದಿನಲ್ಲಿ ಯಾರಿಗೂ ಕೇಳಲಿಲ್ಲ.

ಸಮೀವುಲ್ಲಾ ಎರಡು ದಿನದ ಮೇಲೆ ಬಾಯಿ ಬಿಟ್ಟ.

"ಗಾಡಿ ಬಂದ್ ಮಾಡು ಬೇಟಾ. ಬಂದ್ ಮಾಡಿ, ಇನ್ನೊಮ್ಮೆ ಹೇಳು."

ಸಾಯಿಕುಮಾರ ಕೀಲಿ ತಿರುವಿದ. ಗಲ್ಲಿ ಸುಮ್ಮನಾಯಿತು.

"ಶುಕ್ರವಾರ ಗಾಡಿ ಒಯ್ದಿದ್ದು ನಾನು," ಎಂದ ಅವನು, ಎಲ್ಲರಿಗೂ ಕೇಳುವ ಹಾಗೆ. "ಚಾಚಾ ಅಲ್ಲ."

ಹೇಳಿದ ಮೇಲೆ ಅವನಿಗೆ ಮುಖವೆತ್ತಲು ಆಗಲಿಲ್ಲ. ಕಿವಿ ಬಿಸಿಯಾದವು. ಅವನಿಗೆ ನಾಚಿಕೆಯಾಗಿತ್ತು. ಎರಡು ವರ್ಷದಲ್ಲಿ ಅವನಿಗೆ ಏನಾದರೂ ಅನಿಸಿದ್ದು ಅದೇ ಮೊದಲು.