ಕೋಟೆ ಬೇಡವೆಂದ ದಳವಾಯಿ

ಬಹಳ ಹಿಂದೆ, ಏಳು ಬೆಟ್ಟಗಳಾಚೆ, ಕಣಗಿಲೆನಾಡು ಎಂಬ ರಾಜ್ಯವಿತ್ತು. ಅಲ್ಲಿ ಅರಸನ ಮಗ ಅರಸನಾಗುತ್ತಿರಲಿಲ್ಲ. ಐದು ವರ್ಷಕ್ಕೊಮ್ಮೆ ಜನ ಬಯಲಲ್ಲಿ ಸೇರಿ, ತಮಗೆ ಬೇಕಾದವರ ಹಿಂದೆ ನಿಂತು ಆರಿಸುತ್ತಿದ್ದರು. ಆದರೆ ಮೂರು ಸಲದಿಂದ ಗೆಲ್ಲುತ್ತಿದ್ದವನು ಮಾಂತ್ರಿಕ ಕಾಳಿಂಗದತ್ತನೊಬ್ಬನೇ. ಅವನು ನಾಡಿನ ಸುತ್ತ ಮುಗಿಲೆತ್ತರದ ಮುಳ್ಳಿನ ಕೋಟೆ ಬೆಳೆಸಿದ್ದ. "ಆಚೆ ಕೆಂಡ ಕಾರುವ ಹಂದಿಯಿದೆ. ನಾನಿಲ್ಲದಿದ್ದರೆ ನೀವಿಲ್ಲ," ಎನ್ನುತ್ತಿದ್ದ. ಎದುರಾಡಿದವರ ದನಿ ಕಿತ್ತು ಗಡಿಗೆಯಲ್ಲಿ ಮುಚ್ಚಿಡುತ್ತಿದ್ದ.

ಆ ನಾಡಿನಲ್ಲಿ ಹೊನ್ನಾಂಬೆ ಎಂಬ ದಳವಾಯಿ ಇದ್ದಳು. ಇಪ್ಪತ್ತು ವರ್ಷ ಸೈನ್ಯ ನಡೆಸಿ, ಕತ್ತಿ ಕೆಳಗಿಟ್ಟು, ಜೇನು ಸಾಕಿಕೊಂಡಿದ್ದಳು. ಒಂದು ಬೆಳಗ್ಗೆ ಮಕ್ಕಳಿಗೆ ಓದು ಕಲಿಸುವ ಬೊಪ್ಪಯ್ಯ ಮೇಷ್ಟ್ರು ಅವಳಲ್ಲಿಗೆ ಬಂದರು.

"ತಾಯೀ, ಕೋಟೆಗೆ ಬಾಗಿಲು ತೆರೆಯೋಣ, ಕಿತ್ತ ದನಿ ಹಿಂದಿರುಗಿಸೋಣ ಅಂತ ಎರಡು ಸಲ ನಿಂತೆ, ಎರಡು ಸಲವೂ ಸೋತೆ. ಜನ ನನ್ನ ಮಾತಿಗೆ ತಲೆಯಾಡಿಸುತ್ತಾರೆ. ಆಮೇಲೆ, ಹಂದಿ ಬಂದರೆ ಈ ಮೇಷ್ಟ್ರು ಏನು ಮಾಡಿಯಾರು ಅಂತ ಮಾಂತ್ರಿಕನ ಹಿಂದೆ ಹೋಗಿ ನಿಲ್ಲುತ್ತಾರೆ. ಈ ಸಲ ನೀವು ನಿಲ್ಲಬೇಕು."

"ನಾನು ಯುದ್ಧದವಳು ಮೇಷ್ಟ್ರೇ. ನಿಮ್ಮ ಮಾತು ನನ್ನ ಬಾಯಿಗೆ ಒಪ್ಪೀತೇ?"

"ನಾನು ಅಂದರೆ ಏನೂ ಅರಿಯದವನು ಅಂತಾರೆ. ಅಪಾಯ ಕಂಡವರು ನೀವು. ನೀವಂದರೆ ನಂಬುತ್ತಾರೆ."

ಹೊನ್ನಾಂಬೆ ಜೇನುಗೂಡಿನ ಬಾಯಿ ಮುಚ್ಚಿದಳು. ಎದ್ದು, "ನಿಲ್ಲುತ್ತೇನೆ," ಎಂದಳು.

ಸುದ್ದಿ ಕೇಳಿ ಕಾಳಿಂಗದತ್ತ ನಕ್ಕ. "ಮೊದಲು ಮೂರು ಪರೀಕ್ಷೆ ಗೆಲ್ಲಲಿ," ಎಂದು ಡಂಗುರ ಸಾರಿಸಿದ.

ಮೊದಲನೆಯದು ಹಂದಿ. ಹೊನ್ನಾಂಬೆ ಈಟಿ ಹಿಡಿದು ಕೋಟೆಯಾಚೆ ಹೋದಳು. ಜನ ಮುಳ್ಳಿನ ಸಂದಿಯಿಂದ ನೋಡಿದರು. ಹಂದಿ ಕೆಂಡ ಕಾರಿತು, ಅವಳ ಸೆರಗು ಸುಟ್ಟಿತು. ಅದರ ದವಡೆಯಲ್ಲಿ ಕಬ್ಬಿಣದ ಕೊಕ್ಕೆಯೊಂದು ನಾಟಿತ್ತು. ಕೊಕ್ಕೆಯ ಸರಪಳಿ ಮಾಂತ್ರಿಕನ ಮನೆಯತ್ತ ಹೋಗಿತ್ತು. ನೊಂದ ಕುದುರೆಗಳನ್ನು ಅವಳು ಲಾಯದಲ್ಲಿ ಎಷ್ಟೋ ಕಂಡಿದ್ದಳು. ಈಟಿ ನೆಲಕ್ಕಿಟ್ಟು, ಮೆಲ್ಲಗೆ ಹತ್ತಿರ ಹೋಗಿ, ಕೊಕ್ಕೆ ಕಿತ್ತಳು. ಹಂದಿ ಕೊನೆಯ ಕೆಂಡ ಉಗುಳಿ, ಹಳ್ಳಕ್ಕಿಳಿದು ನೀರು ಕುಡಿಯಿತು.

ಎರಡನೆಯದು ಮಂಜಿನ ಸೇತುವೆ. ತಮ್ಮ ತಪ್ಪನ್ನು ಮುಚ್ಚಿಟ್ಟವರನ್ನು ಅದು ಪ್ರಪಾತಕ್ಕೆ ಬೀಳಿಸುತ್ತಿತ್ತು. ನಡುವೆ ಬಂದಾಗ ಅವಳ ಪಾದ ಕುಸಿಯತೊಡಗಿತು. ಅವಳು ಜನರತ್ತ ತಿರುಗಿದಳು.

"ಆ ಗಡಿಗೆಗಳಿಗೆ ಕಾವಲಿದ್ದವಳು ನಾನೇ. ನನ್ನ ಸಿಪಾಯಿ ಮುದ್ದವ್ವನ ದನಿ ಕೀಳುವಾಗ, ಅಪ್ಪಣೆಯಾಗಿದೆ ಅಂತ ನೋಡುತ್ತ ನಿಂತೆ. ಅದನ್ನು ತಿದ್ದಲೆಂದೇ ಬಂದಿದ್ದೇನೆ."

ಮಂಜು ಕಲ್ಲಿನಂತೆ ಗಟ್ಟಿಯಾಯಿತು. ಅವಳು ದಾಟಿದಳು.

ಆರಿಸುವ ದಿನ ಬಯಲಲ್ಲಿ ಜನ ಎಂದಿನಂತೆ ಮಾಂತ್ರಿಕನ ಹಿಂದೆ ನಿಂತಿದ್ದರು. ಮೂರನೆಯ ಪರೀಕ್ಷೆಗೆ ಅವನೇ ಬಂದು ಅವಳ ಕೈಗೆ ತನ್ನ ಮಂತ್ರದ ಕೋಲು ಕೊಟ್ಟ. "ಇದನ್ನು ಹಿಡಿದು ಏನೆಂದರೂ ಜನ ನಡೆಸುತ್ತಾರೆ. ಬಾಗಿಲು ತೆರೆಯಿರಿ ಅನ್ನು, ತೆರೆಯುತ್ತಾರೆ. ಆರಿಸುವ ಗೊಡವೆಯೂ ಬೇಡ," ಎಂದು ಪಿಸುಗುಟ್ಟಿದ.

ಹೊನ್ನಾಂಬೆಯ ಬೆರಳು ಬಿಗಿಯಾದವು. ಒಂದೇ ಮಾತು ಸಾಕಿತ್ತು.

"ಇಪ್ಪತ್ತು ವರ್ಷ ಅಪ್ಪಣೆ ಕೊಟ್ಟವಳು ನಾನು," ಎಂದಳು. "ಅಪ್ಪಣೆಗೆ ಕಾಲು ನಡೆಯುತ್ತದೆ, ಮನಸ್ಸು ನಡೆಯುವುದಿಲ್ಲ. ಬಂದರೆ ತಾವಾಗಿ ಬರಲಿ."

ಮೊಣಕಾಲಿಗೆ ಕೊಟ್ಟು ಕೋಲು ಮುರಿದಳು. ಯಾರೂ ಕದಲಲಿಲ್ಲ. ಅವಳು ನೆಟ್ಟಗೆ ನಿಂತೇ ಇದ್ದಳು.

ಆಗ ಮಾಂತ್ರಿಕನ ಹಿಂದಿದ್ದ ಕುಂಬಾರ ಮುದುಕಿಯೊಬ್ಬಳು ಈಚೆ ಬಂದಳು. "ಕೋಟೆ ಕಾದವಳೇ ಕೋಟೆ ಬೇಡ ಅಂದಮೇಲೆ ನಾವು ಯಾಕವ್ವ ಹೆದರಬೇಕು?" ಎಂದು ಹೊನ್ನಾಂಬೆಯ ಹಿಂದೆ ನಿಂತಳು. ಅವಳ ಹಿಂದೆ ಇಬ್ಬರು, ಆಮೇಲೆ ಹತ್ತು, ಆಮೇಲೆ ಇಡೀ ಬೀದಿ. ಒಬ್ಬೊಬ್ಬರು ಬಿಟ್ಟು ಹೋದಂತೆ ಕಾಳಿಂಗದತ್ತ ಕುಗ್ಗುತ್ತ ಬಂದ. ಕೊನೆಯವನೂ ಹೋದಾಗ ಒಣಮುಳ್ಳಿನ ಕಂತೆಯಾಗಿ ಬಿದ್ದ. ಗಾಳಿ ಹೊತ್ತುಕೊಂಡು ಹೋಯಿತು.

ಗಡಿಗೆಗಳು ಒಡೆದವು. ಕೋಟೆ ಉದುರಿತು. ಬೆಟ್ಟದಾಚೆಯ ಜನ ಉಪ್ಪು, ಹಾಡು, ಹೊಸ ಬೀಜ ಹೊತ್ತು ಬಂದರು. ಹೊನ್ನಾಂಬೆಯ ಆಳ್ವಿಕೆಯಲ್ಲಿ ಅರಸಿಗೆ ಎದುರಾಡಿದವರೂ ಮನೆಗೆ ಹೋಗಿ ನೆಮ್ಮದಿಯಾಗಿ ಉಂಡು ಮಲಗಿದರು. ಆ ನಾಡು ತಲೆಮಾರುಗಳ ಕಾಲ ಸುಖವಾಗಿ ಬಾಳಿತು.