ಸಮಿತಿಯ ಮುಂದಿಡಬೇಕಿದ್ದ ಸರಪಳಿ

ಜನವರಿ ಐದು, ಸೋಮವಾರ, ಬೆಳಿಗ್ಗೆ ಒಂಬತ್ತೂವರೆಗೆ ಕೊರ್ಲಹಳ್ಳಿಯ ಅಮೀನಬಿ ಮುಂಡರಗಿ ಠಾಣೆಗೆ ಬಂದು ಬೆಂಚಿನ ಮೇಲೆ ಕುಳಿತಳು. ಏನು ಕಳುವಾಗಿದೆ ಎಂದು ಸಬ್ ಇನ್ಸ್‌ಪೆಕ್ಟರ್ ಅಂಬರೀಶ ಕೇಳಿದರು.

"ಸರಪಳಿ ರೀ."

"ಬಂಗಾರದ್ದೇನಬೇ?"

"ಕಬ್ಬಣದ್ದು. ಮೊಳದುದ್ದನೂ ಇಲ್ಲ."

ಹೆಡ್ ಕಾನ್‌ಸ್ಟೆಬಲ್ ಯಮನೂರಸಾಬ ನಕ್ಕ. "ಖಾಲಾ, ಅದಕ್ಕ ಎಫ್‌ಐಆರ್ ಬೇಕೇನು? ಗುಜರಿ ಅಂಗಡ್ಯಾಗ ಕೇಳಬಾರದ?"

"ನನ್ನ ಮೊಮ್ಮಗನ್ನ ಹೊಳಿಪಾಲು ಮಾಡಿದ ಸರಪಳಿ ಐತಪ್ಪ ಅದು," ಎಂದಳು ಮುದುಕಿ.

ಯಮನೂರಸಾಬ ಎದ್ದು ಹೋಗಿ ನೀರು ತಂದುಕೊಟ್ಟ.

ಎರಡು ವರ್ಷದ ಹಿಂದೆ ತುಂಗಭದ್ರೆಗೆ ಮಹಾಪೂರ ಬಂದಾಗ, ಜನ ಹೊಳೆಗೆ ಇಳಿದು ಹತ್ತಲೆಂದು ಕೇಂದ್ರದ ಅನುದಾನದಲ್ಲಿ ಊರ ದಡಕ್ಕೆ ಕಟ್ಟಿದ್ದ, ನೀರ ಮೇಲೆ ತೇಲುವ ಕಟ್ಟೆಯ ಸರಪಳಿ ಹರಿದಿತ್ತು. ಕಟ್ಟೆಯ ಮೇಲಿದ್ದವರಲ್ಲಿ ಮೂವರು ಮುಳುಗಿದರು. ಅವರಲ್ಲಿ ಅಮೀನಬಿಯ ಮೊಮ್ಮಗ ರಮೀಜ ಒಬ್ಬ. ಗುತ್ತಿಗೆದಾರ ಹಳೆಯ ಸರಪಳಿಯನ್ನೆಲ್ಲ ಸಾಗಿಸಿ ಹೊಸದು ಹಾಕಿಸಿದ. ದಡದ ಗೂಟಕ್ಕೆ ಉಳಿದಿದ್ದ ತುಂಡೊಂದನ್ನು ಮಾತ್ರ ಅಮೀನಬಿ ಬಿಡಿಸಿಕೊಂಡು, ರಮೀಜನ ಅಂಗಿಯಲ್ಲಿ ಗಂಟು ಕಟ್ಟಿ ಗೋಡೆಯ ಮಾಡದಲ್ಲಿ ಇಟ್ಟಿದ್ದಳು. ಈಗ ಆ ಅನುದಾನದ ವಿಚಾರಣೆಗೆ ಸಂಸತ್ತಿನ ಸಾರ್ವಜನಿಕ ಲೆಕ್ಕಪತ್ರ ಸಮಿತಿಯ ಒಂದು ಉಪಸಮಿತಿ ಗುರುವಾರ ಗದಗಿಗೆ ಬರುವುದಿತ್ತು. ಅದರ ಮುಂದೆ ಅವಳು ತುಂಡನ್ನಿಟ್ಟು ಸಾಕ್ಷಿ ಹೇಳಬೇಕಿತ್ತು.

"ಅದಿಲ್ಲಂದ್ರ ನನ್ನ ಮಾತಿಗೆ ಏನು ಬೆಲಿ ಸಾಹೇಬ್ರ? ಮುದುಕಿ ಅಳಾಕ ಬಂದಾಳ ಅಂತಾರ," ಎಂದಳು.

ಪ್ರಕರಣ ದಾಖಲಾಯಿತು. ಮಧ್ಯಾಹ್ನ ಮನೆಯಲ್ಲಿ ಪಂಚನಾಮೆ ನಡೆಯಿತು. ಹಿಂದಿನ ದಿನ ಅಮೀನಬಿ ಸೊಸೆ ಮೆಹನಾಜಳೊಂದಿಗೆ ಶಿರಹಟ್ಟಿಯ ಬೀಗರ ಮನೆಗೆ ಹೋಗಿದ್ದಳು. ಹಿತ್ತಲ ಬಾಗಿಲಿನ ಅಗಳಿ ಮೊದಲಿಂದಲೂ ಸಡಿಲ. ಮಾಡದಲ್ಲಿ ಗಂಟಿನ ಪಕ್ಕದಲ್ಲೇ ಇದ್ದ ಬೆಳ್ಳಿಯ ಕಾಲ್ಗಡಗ ಹಾಗೆಯೇ ಇತ್ತು. ಕಳ್ಳನಿಗೆ ಬೇಕಿದ್ದದ್ದು ಸರಪಳಿಯೇ ಎಂಬುದರಲ್ಲಿ ಅಂಬರೀಶರಿಗೆ ಸಂದೇಹ ಉಳಿಯಲಿಲ್ಲ.

ಮೊದಲ ಗುಮಾನಿ ಗುತ್ತಿಗೆದಾರನ ಮೇಸ್ತ್ರಿ ತನ್ವೀರನ ಮೇಲೆ ಬಿತ್ತು. ಅವನು ಲಕ್ಷ್ಮೇಶ್ವರದಲ್ಲಿ ಸಿಕ್ಕ.

"ನಿನ್ನೆ ಎಲ್ಲಿದ್ದಿ?"

"ತಂಗಿ ಮದವಿ ರೀ. ಊಟಕ್ಕ ನಿಮ್ಮ ಇಲಾಖೆಯವರೂ ಬಂದಿದ್ರು, ಕೇಳ್ರಿ."

ಕೇಳಿದರು. ಮಾತು ಖರೆ ಇತ್ತು.

ಸಮಿತಿಯ ಅಧಿಕಾರಿ ಪ್ರಿಯಾಂಕಾ ಸಭೆಯ ಏರ್ಪಾಟಿಗೆ ಮುಂಚಿತವಾಗಿ ಗದಗಿಗೆ ಬಂದಿದ್ದರು. ಈ ಭಾಗದಲ್ಲೇ ಹುಟ್ಟಿ ಬೆಳೆದವರು. ಸಂಜೆ ಅಂಬರೀಶ ಅವರಿಗೆ ಫೋನ್ ಮಾಡಿದರು.

"ಯಾವ ಪಕ್ಷದ ಸಮಿತಿ ಮೇಡಂ? ಆಳೋರದಾದ್ರ, ಮುಚ್ಚಿ ಹಾಕಾಕ ಮ್ಯಾಲಿಂದನ ಖಬರ ಬಂದಿರಬಹುದು."

"ಹಂಗಲ್ರಿ. ಎರಡೂ ಸದನದಿಂದ, ಎಲ್ಲಾ ಪಕ್ಷದವರೂ ತಮ್ಮ ತಮ್ಮ ಬಲದ ಪ್ರಕಾರ ಆರಿಸಿ ಬರ್ತಾರ. ಮಂತ್ರಿ ಆದವರಿಗೆ ಅದರಾಗ ಜಾಗಾ ಇಲ್ಲ. ಅಧ್ಯಕ್ಷರನ್ನ ಸ್ಪೀಕರ್ ನೇಮಸ್ತಾರ, ಅದೂ ರೂಢಿ ಪ್ರಕಾರ ವಿರೋಧ ಪಕ್ಷದವರನ್ನ."

"ತಪ್ಪು ಮಾಡಿದವರಿಗೆ ಶಿಕ್ಷೆ?"

"ಅದು ಅವರ ಕೆಲಸಲ್ಲ. ಕರೆಸ್ತಾರ, ಕೇಳ್ತಾರ, ಸದನದ ಮುಂದ ವರದಿ ಇಡ್ತಾರ."

ಕೊರ್ಲಹಳ್ಳಿಯ ಚಹಾದಂಗಡಿಯಲ್ಲಿ ಯಮನೂರಸಾಬ ಬೇರೆಯದೇ ಸುದ್ದಿ ಕೇಳಿ ಬಂದಿದ್ದ. "ದಿಲ್ಲಿಯಿಂದ ದೊಡ್ಡ ಕೋರ್ಟು ಬರ್ತೈತಂತ್ರಿ ಸಾಹೇಬ್ರ. ತಪ್ಪು ಸಿಕ್ರ ಅಲ್ಲೇ ಗಲ್ಲಂತ. ಊರಾಗ ಎಲ್ಲಾರೂ ಅದನ್ನ ಹೇಳ್ತಾರ."

ಅಂಬರೀಶ ನಗಲಿಲ್ಲ. ಸಮಿತಿಗೆ ಹೆದರಿದವನು ಗುತ್ತಿಗೆದಾರನ ಕಡೆಯವನೇ ಆಗಬೇಕಿಲ್ಲ, ಈ ಊರಿನವನೇ ಇರಬಹುದು ಎಂದು ಅವರಿಗೆ ಆಗ ತೋರಿತು.

ಮಂಗಳವಾರ ಹೊಳೆ ಹುಡುಕಿಸಿದರು. ಮನೆಯ ಹಿತ್ತಲಿಗೇ ಹೊಳೆಯ ದಂಡೆ. ಕದ್ದದ್ದನ್ನು ನೀರಿಗೆ ಎಸೆದು ಕೈ ತೊಳೆದುಕೊಳ್ಳುವುದು ಯಾರಿಗಾದರೂ ಸುಲಭದ ದಾರಿ. ಊರಲ್ಲಿ ಹರಗೋಲು ನಡೆಸುವವನು ಈಗ ಹೊಳೆಯಪ್ಪ ಒಬ್ಬನೇ. ಅವನೇ ಈಜುಗಾರರನ್ನು ಕರೆದೊಯ್ದ. ಮಧ್ಯಾಹ್ನದವರೆಗೆ ತಳ ತಡಕಿದರೂ ಚೂರು ಕಬ್ಬಿಣ ಸಿಗಲಿಲ್ಲ. ಚೂರೂ ಇಲ್ಲದ್ದೇ ಅಂಬರೀಶರನ್ನು ತಡೆದು ನಿಲ್ಲಿಸಿತು. ಅವರು ಸಿಂಗಟಾಲೂರಿನಲ್ಲಿ ಹೊಳೆ ನೋಡುತ್ತ ಬೆಳೆದವರು. ಹರಗೋಲು ಬಂದು ನಿಲ್ಲುವ ನೀರಿಗೆ ಯಾರು ಏನು ಎಸೆದರೂ ಹರಗೋಲಿನವನೊಬ್ಬ ಮಾತ್ರ ಕಬ್ಬಿಣ ಎಸೆಯುವುದಿಲ್ಲ. ಅವರು ಹೊಳೆಯಪ್ಪನನ್ನು ದಡಕ್ಕೆ ಕರೆದು ಕೂರಿಸಿದರು.

"ಇಲ್ಲಿ ಕಬ್ಬಣ ಬಿದ್ರ ಏನಾಕೈತೋ?"

"ಹರಗೋಲಿನ ತಳ ಸೀಳತೈತ್ರಿ. ನಾವು ಮೊಳಿ ಸೈತ ಆರಿಸಿ ತಗೀತೀವಿ."

"ಹಂಗಾರ ನೀ ಎಲ್ಲಿಟ್ಟಿ?"

ಹೊಳೆಯಪ್ಪ ಎದ್ದು, ದಂಡೆಯ ಮೇಲೆ ಬೋರಲು ಹಾಕಿದ್ದ ಹಳೆಯ ಹರಗೋಲನ್ನು ಸರಿಸಿ, ಕೈಯಿಂದ ಮರಳು ಬಗೆದ. ಗಂಟು ಕಟ್ಟಿದ ಹಾಗೆಯೇ ಇತ್ತು.

ಪಂಚರ ಎದುರು ಅಂಬರೀಶ ಗಂಟು ಬಿಚ್ಚಿದರು. ಗೂಟದ ಕಡೆಯ ಕೊಂಡಿಯ ಮೇಲೆ ಉಳಿಯ ಏಟಿನ ಗುರುತಿತ್ತು.

"ಅದು ನಂದ ರೀ," ಎಂದ ಹೊಳೆಯಪ್ಪ. "ಪೂರದ ಮುಂಚೆ ಸರಪಳಿ ಗೂಟಕ್ಕ ಬಿಗದಿತ್ತು. ನನ್ನ ಹರಗೋಲಿಗೆ ದಾರಿ ಆಗ್ಲಿ ಅಂತ ಉಳಿ ಇಟ್ಟು ಬಡಿದು ಸಡಿಲ ಮಾಡಿದೆ. ನನ್ನ ಏಟಿಗೇ ಹರೀತು. ದಿಲ್ಲಿಯವರು ಈ ಗುರ್ತು ನೋಡಿದ್ರ ನನ್ನ ಉಳಸ್ತಾರೇನ್ರಿ?"

ಅಂಬರೀಶ ಸರಪಳಿಯ ಇನ್ನೊಂದು ತುದಿಯನ್ನು ಎತ್ತಿ ಹಿಡಿದರು. ಹರಿದದ್ದು ಆ ಕೊನೆಯ ಕೊಂಡಿ. ಅಲ್ಲಿ ತುಕ್ಕು ತಿಂದು ಕಬ್ಬಿಣ ಕಡ್ಡಿಯಷ್ಟು ಸಣ್ಣದಾಗಿತ್ತು. ಉಳಿಯ ಏಟು ಬಿದ್ದ ಕೊಂಡಿ ಗಟ್ಟಿಯಾಗಿಯೇ ಇತ್ತು.

"ನೀ ಬಡಿದದ್ದು ಇಲ್ಲಿ, ಹರಿದದ್ದು ಅಲ್ಲಿ. ಬಿಚ್ಚಿ ನೋಡಲಿಲ್ಲೇನು?"

"ಆ ಹುಡುಗನ ಅಂಗಿ ರೀ ಅದು. ಕೈ ಬರಲಿಲ್ಲ."

ಮಧ್ಯಾಹ್ನ ಮೂರೂವರೆಗೆ ಮನೆಗಳ್ಳತನದ ಆರೋಪದ ಮೇಲೆ ಅವನನ್ನು ಬಂಧಿಸಲಾಯಿತು. ಮರುದಿನ ಮುಂಡರಗಿಯ ನ್ಯಾಯಾಲಯ ಅವನಿಗೆ ನ್ಯಾಯಾಂಗ ಬಂಧನ ವಿಧಿಸಿತು. ಸರಪಳಿಯನ್ನು ಗುರುವಾರ ಪೊಲೀಸ್ ಕಾವಲಿನಲ್ಲಿ ಸಮಿತಿಯ ಮುಂದೆ ಹಾಜರುಪಡಿಸಲು ಅನುಮತಿ ಕೊಟ್ಟಿತು. ಅಮೀನಬಿ ನ್ಯಾಯಾಲಯದ ಅಂಗಳದಲ್ಲಿ ಈ ಆದೇಶ ಕೇಳಿ, ಎರಡೂ ಕೈ ಎತ್ತಿ ದೇವರನ್ನು ನೆನೆದಳು. ಹೊಳೆಯಪ್ಪನ ಮುಂದಿನಿಂದಲೇ ಹಾದು ಹೋದಳು.

ವ್ಯಾನಿನ ಬಳಿ ಹೊಳೆಯಪ್ಪ ನಿಂತ.

"ಸಾಹೇಬ್ರ, ಸಮಿತಿಯವರು ನನಗ ಏನು ಶಿಕ್ಷಾ ಕೊಡ್ತಿದ್ರು?"

"ಅವರಿಗೆ ಶಿಕ್ಷಾ ಕೊಡಾಕ ಬರಂಗಿಲ್ಲ. ಏನಾತು, ಹೆಂಗಾತು ಅಂತ ಕೇಳ್ತಾರ. ಹೇಳಿದ್ದು ಬರಕೋತಾರ."

"ಬರೇ ಕೇಳ್ತಾರ?"

"ಬರೇ ಕೇಳ್ತಾರ."

ಹೊಳೆಯಪ್ಪ ತಲೆ ತಗ್ಗಿಸಿದ. "ಎರಡು ವರ್ಷ ಆತ್ರಿ. ಯಾರರೆ ಒಬ್ರು ಕೇಳ್ತಾರೇನು ಅಂತ ನಾ ದಾರಿ ನೋಡಿದೆ," ಎಂದು ಹೇಳಿ ವ್ಯಾನ್ ಹತ್ತಿದ.